ಬಿಎಸ್‌ಎ ರೈಫಲ್, ಆದ್ರೆ ನಳಿಗೆ .22: ಅಸಲಿ ತರಬೇತಿ ರೈಫಲ್ಲೇ?

ಪ್ರಶ್ನೆ: ನಾನು ಲೀಡ್ಸ್‌ನಲ್ಲಿದ್ದೇನೆ. ಇಲ್ಲಿನ ಡೀಲರ್ ಹತ್ತಿರ ಒಂದು ಲೀ-ಎನ್‌ಫೀಲ್ಡ್ (ಬ್ರಿಟಿಷ್ ಸೇನೆಯ ಹಳೆ ರೈಫಲ್) ನೋಡಿದೆ. ಹೊರಗಿನಿಂದ ಥೇಟ್ .303 (ನಳಿಗೆ ರಂಧ್ರದ ಅಳತೆ, ಇಂಚಿನಲ್ಲಿ), ಆದ್ರೆ ನಳಿಗೆ .22. ಬೋಲ್ಟ್ ಹಿಡಿಯ ಹತ್ತಿರದ ಪಟ್ಟಿಯಲ್ಲಿ ರಾಜಮುಕುಟ, ಜಿಆರ್ (ದೊರೆ ಜಾರ್ಜ್‌ನ ಗುರುತು), ಬಿಎಸ್‌ಎ (ತಯಾರಿಸಿದ ಕಂಪನಿ), 1917. ಮ್ಯಾಗಜಿನ್ (ಗುಂಡಿನ ಡಬ್ಬಿ) ಒಳಗೆ ಸ್ಪ್ರಿಂಗೇ ಇಲ್ಲ. ಭಾಗ ಕಳೆದುಹೋಗಿದೆಯೇ?

ಉತ್ತರ 1: ಕಳೆದುಹೋಗಿಲ್ಲ ಸರ್, ಅದು ಇರೋದೇ ಹಾಗೆ! ಸೈನಿಕರಿಗೆ ಅಗ್ಗದ .22 ಗುಂಡಿನಲ್ಲಿ ಗುರಿ ಕಲಿಸಲು ಹಳೆ .303ಗಳನ್ನೇ ಮಾರ್ಪಡಿಸುತ್ತಿದ್ದರು. ಒಂದೊಂದೇ ಗುಂಡು ಕೈಯಲ್ಲಿ ಹಾಕಬೇಕು. ಖಾಲಿ ತೋಟಾ ಆ ಡಬ್ಬಿಗೆ ಬೀಳುತ್ತೆ.

ಈಗ ನಳಿಗೆಯ ಬಾಯಿ ಟಾರ್ಚ್ ಹಾಕಿ ನೋಡಿ. ಒಳಗೆ ಇನ್ನೊಂದು ಕೊಳವೆ ಕೂರಿಸಿದ ಸಣ್ಣ ಉಂಗುರದ ಗೆರೆ ಕಂಡರೆ, ಪಟ್ಟಿಯಲ್ಲಿ ನಂ. 2 ಮಾರ್ಕ್ 4 (ಈ .22 ತರಬೇತಿ ರೈಫಲ್‌ನ ಮಾದರಿ ಹೆಸರು) ಪಕ್ಕ ನಕ್ಷತ್ರ ಇದೆಯಾ ಹುಡುಕಿ; ಹಳೆ ನಳಿಗೆಯೊಳಗೆ .22 ಕೊಳವೆ ಕೂರಿಸಿದ ಮಾದರಿಗೇ ಆ ನಕ್ಷತ್ರ. ಗೆರೆಯಿಲ್ಲದ ಇಡೀ .22 ನಳಿಗೆ ನಕ್ಷತ್ರವಿಲ್ಲದ ಮಾರ್ಕ್ 4ರದ್ದು. ಪಾಲಿಶ್ ಮಾಡಿಸಬೇಡಿ, ದಯವಿಟ್ಟು. ಮುದ್ರೆಗಳೇ ಅದರ ಜಾತಕ.

ಉತ್ತರ 2: ಡಿಪಿ (ಡ್ರಿಲ್ ಪರ್ಪಸ್) ಮುದ್ರೆ ಇದ್ದರೆ ಅದು ಕವಾಯತಿಗೆ ಮಾತ್ರ, ಗುಂಡು ಹಾರಿಸಲೇಬಾರದು. ಫೈರ್‌ಆರ್ಮ್ ಸರ್ಟಿಫಿಕೇಟ್ (ಬಂದೂಕು ಪರವಾನಗಿ) ಬರುವ ತನಕ ದುಡ್ಡು ಕೊಡಬೇಡಿ.

ಪ್ರಶ್ನೆ ಕೇಳಿದವರು: ನಕ್ಷತ್ರ ಇದೆ, ಉಂಗುರವೂ ಇದೆ! ಸರ್ಟಿಫಿಕೇಟ್‌ಗೆ ಅರ್ಜಿ ಹಾಕ್ತೇನೆ.