ಹುಳಿ ತಿಂದ ಕಲ್ಲಿಗೆ ಯಾವ ಪದ?

ಬಳಗದ ಹಿರಿಯರಿಗೂ ಗೆಳೆಯರಿಗೂ ಉಡುಪಿಯಿಂದ ನಮಸ್ಕಾರ.

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ, ಹಿತ್ತಾಳೆಗೆ ಕಿಲುಬು. ಹಲ್ಲಿಗೆ ಹುಳುಕು. ಲಿಂಬೆರಸವೋ ಹುಣಸೆರಸವೋ ಬಿದ್ದು ಕಡಪ ಕಲ್ಲಿನ ನೆಲ ಅಲ್ಲಿಗಲ್ಲಿಗೆ ಹೊಳಪು ಕಳೆದುಕೊಂಡರೆ ಆ ಗುರುತಿಗೆ ಕನ್ನಡದಲ್ಲಿ ಏನೆನ್ನಬೇಕು? ಹನ್ನೆರಡು ದಿನಗಳಿಂದ ಈ ಒಂದು ಪದಕ್ಕಾಗಿ ಹುಡುಕುತ್ತಿದ್ದೇನೆ.

ಸಂದರ್ಭ ಹೇಳಿಬಿಡುತ್ತೇನೆ. ನನ್ನ ಅಕ್ಕನ ಮಗ ಮಂಗಳೂರಿನಲ್ಲಿ ಕಲ್ಲಿನ ನೆಲಗಳನ್ನು ಶುಚಿ ಮಾಡಿ, ಮಂಕಾದವನ್ನು ಮತ್ತೆ ಹೊಳಪಿಗೆ ತರುವ ಕೆಲಸ ಮಾಡುತ್ತಾನೆ. ಕೆಲಸ ಮುಗಿದ ಮೇಲೆ ನೆಲವನ್ನು ಹೇಗೆ ನೋಡಿಕೊಳ್ಳಬೇಕೆಂದು ಒಂದು ಹಾಳೆ ಕೊಟ್ಟು ಬರುತ್ತಾನೆ. ಆ ಹಾಳೆ ಇಷ್ಟು ದಿನ ಇಂಗ್ಲಿಷಿನಲ್ಲಿತ್ತು. "ಚಿಕ್ಕಮ್ಮ, ಅದನ್ನು ಯಜಮಾನರು ಓದಿ ಮಡಚಿಡುತ್ತಾರೆ. ದಿನವೂ ನೆಲ ಒರಸುವವರಿಗೆ ತಿಳಿಯುವ ಹಾಗೆ ಕನ್ನಡದಲ್ಲಿ ಬರೆದುಕೊಡಿ" ಎಂದ. ಮೂವತ್ತು ವರ್ಷ ಕರಡು ತಿದ್ದಿದವಳು ನಾನು, ಒಂದು ಸಂಜೆಯ ಕೆಲಸ ಎಂದುಕೊಂಡು ಒಪ್ಪಿಕೊಂಡೆ. "ಹುಳಿ ಪದಾರ್ಥ ಚೆಲ್ಲಿದರೆ ಕಲ್ಲಿನ ಮೇಲೆ ಕಲೆಯಾಗುತ್ತದೆ" ಎಂದು ಮೊದಲ ಸಾಲು ಬರೆದೆ. ಅವನು ‘ಕಲೆ’ಯ ಕೆಳಗೆ ಗೆರೆ ಎಳೆದ. "ಇದು ಕಲೆ ಅಲ್ಲ ಚಿಕ್ಕಮ್ಮ. ಕಲೆ ಎಂದು ಬರೆದರೆ ಜನ ಉಜ್ಜುತ್ತಾರೆ."

ಅವನ ಮಾತು ನನಗೆ ನಾಟಿತು, ಏಕೆಂದರೆ ನಮ್ಮ ಮನೆಯಲ್ಲಿ ನಡೆದದ್ದೂ ಅದೇ. ನಮ್ಮ ಚಾವಡಿಗೆ ಹಾಸಿರುವುದು ಕಡಪ ಕಲ್ಲು, ಮಾವನವರ ಕಾಲದ್ದು. ನಡೆದು ನಡೆದು, ಒರಸಿ ಒರಸಿ, ಮಿಂದು ಬಂದ ಎಮ್ಮೆಯ ಮೈಯಂತೆ ಕಪ್ಪಗೆ ಮಿರುಗುತ್ತಿತ್ತು. ಒಂದು ಪೂಜೆಯ ಊಟದ ದಿನ ಪುನರ್ಪುಳಿ (ಕೋಕಂ) ಸಾರು ಚೆಲ್ಲಿತು, ಒರಸುವಷ್ಟರಲ್ಲಿ ತಡವಾಗಿತ್ತು. ಮರುದಿನ ನೋಡಿದರೆ ಕಪ್ಪು ಕಲ್ಲಿನಲ್ಲಿ ಬೂದು ಬಣ್ಣದ ಉರುಟು ಉರುಟು ಗುರುತುಗಳು. ಅಂಗಡಿಗೆ ಹೋಗಿ, ಕಲ್ಲಿನ ಮೇಲಿನ ಬಿಳಿ ಕಲೆ ತೆಗೆಯುವುದಕ್ಕೆ ಏನಾದರೂ ಇದೆಯೇ ಎಂದು ಕೇಳಿದೆ. ಕೇಳಿದ ಪ್ರಶ್ನೆಗೆ ತಕ್ಕದ್ದನ್ನೇ ಕೊಟ್ಟರು: ಬಚ್ಚಲಿನ ಕಲೆ ತೆಗೆಯುವ ಆಸಿಡ್. ಸುರಿದೆ. ಬುಸುಬುಸು ನೊರೆ ಎದ್ದಿತು. ಕೊಳೆ ಕಿತ್ತು ಬರುತ್ತಿದೆ ಎಂದು ನಾನು ನಂಬಿದೆ. ನೊರೆಯಾಗಿ ಹೋಗುತ್ತಿದ್ದುದು ಕಲ್ಲು. ಅಂಗೈಯಗಲದ ಗುರುತು ಇದ್ದ ಕಡೆ ಮಣೆಯಗಲದ ಬೂದು ಹರಡಿಕೊಂಡಿತು. ಆ ದಿನ ನನ್ನ ಬಾಯಲ್ಲಿ ‘ಕಲೆ’ ಎಂಬ ಪದ ಬಾರದೆ ಬೇರೊಂದು ಬಂದಿದ್ದರೆ ನೆಲ ಉಳಿಯುತ್ತಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ಕಡಪ ಕಲ್ಲು, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು, ಅಮೃತಶಿಲೆ – ಎಲ್ಲವೂ ಸುಣ್ಣದ ಕುಲದವು. ನಮ್ಮ ಹೊಳೆಬದಿಯಲ್ಲಿ ಸುಟ್ಟು ಸುಣ್ಣ ಮಾಡುವ ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟ್ ಇವುಗಳಲ್ಲಿಯೂ ಇದೆ. ಹುಳಿ ತಾಗಿದೊಡನೆ ಅದು ಕರಗಿ, ಇಂಗಾಲದ ಡೈಆಕ್ಸೈಡ್ ಗುಳ್ಳೆಯಾಗಿ ಹೊರಡುತ್ತದೆ. ಲಿಂಬೆಯಿಂದ ಆಗುವುದು ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಕುಳಿಗಳು. ನಯವಾಗಿದ್ದ ಮೈ ತರಿತರಿಯಾಗಿ ಬೆಳಕು ಚೆದರುವುದರಿಂದ ಬೂದಾಗಿ ಕಾಣುತ್ತದೆ. ನೀರು ಚಿಮುಕಿಸಿದರೆ ಕುಳಿಗಳು ತುಂಬಿಕೊಂಡು ಗುರುತು ಮಾಯವಾಗುತ್ತದೆ, ಒಣಗಿದ ಮೇಲೆ ಮತ್ತೆ ಬರುತ್ತದೆ. ಹುಳಿ ತಿಂದದ್ದೋ ಬಣ್ಣ ಹಿಡಿದದ್ದೋ ಎಂದು ತಿಳಿಯಲು ಅಕ್ಕನ ಮಗ ಮೊದಲು ಮಾಡುವ ಪರೀಕ್ಷೆಯೇ ಇದು. ಗ್ರಾನೈಟಿಗೆ ಈ ಕಾಟವಿಲ್ಲ. ಅದರ ಹರಳುಗಳು ಲಿಂಬೆಗೆ ಜಗ್ಗುವುದಿಲ್ಲ. ಕಾರ್ಕಳದ ಗೊಮ್ಮಟ 1432ರಿಂದ ಮಳೆಗೂ ಮಸ್ತಕಾಭಿಷೇಕಗಳಿಗೂ ಮೈಯೊಡ್ಡಿ ನಿಂತಿರುವುದು ಗ್ರಾನೈಟಿನ ಬಲದಿಂದ.

ಈಗ ‘ಕಲೆ’ಯ ವಿಚಾರಕ್ಕೆ ಬರುತ್ತೇನೆ. ಕಲೆ ಎಂದರೆ ಮೇಲಿನಿಂದ ಬಂದು ಅಂಟಿದ್ದು, ಇಲ್ಲಿ ಆಗಿರುವುದು ನಷ್ಟ, ಆದ್ದರಿಂದ ಪದ ಹೊಂದುವುದಿಲ್ಲ ಎಂದು ವಾದಿಸಲು ಹೊರಟಿದ್ದೆ. ಬರೆಯುತ್ತಾ ಹೋದ ಹಾಗೆ ಆ ವಾದ ನಿಲ್ಲಲಿಲ್ಲ. ಗಾಯದ ಕಲೆ ಎನ್ನುತ್ತೇವೆ, ಸಿಡುಬಿನ ಕಲೆ ಎನ್ನುತ್ತೇವೆ. ಸಿಡುಬಿನ ಕಲೆ ಕುಳಿಯೇ ಅಲ್ಲವೇ? ಹಾಗಾದರೆ ಕನ್ನಡದ ಕಲೆ ನಷ್ಟವನ್ನೂ ಒಳಗೊಳ್ಳುತ್ತದೆ. ವ್ಯತ್ಯಾಸ ಇರುವುದು ಅದರ ಬೆನ್ನಿಗೆ ಬರುವ ಕ್ರಿಯಾಪದದಲ್ಲಿ. ಬಟ್ಟೆಯ ಕಲೆಯನ್ನು ತೆಗೆಯುತ್ತೇವೆ. ಗಾಯದ ಕಲೆ ಮಾಸುತ್ತದೆ. ಗಾಯದ ಕಲೆಯನ್ನು ಸೋಪು ಹಾಕಿ ತಿಕ್ಕಲು ಯಾರೂ ಹೋಗುವುದಿಲ್ಲ. ನೆಲದ ಮಾತು ಬಂದಾಗ ಮಾತ್ರ ಬಟ್ಟೆಯ ಕಲೆಯೇ ಮನಸ್ಸಿಗೆ ಬರುತ್ತದೆ, ಕೈ ತಾನಾಗಿ ಬ್ರಷ್ ಹುಡುಕುತ್ತದೆ. ನನಗೆ ಬೇಕಾಗಿರುವುದು ‘ಉಜ್ಜು’, ‘ತೆಗೆ’ ಎಂಬ ಕ್ರಿಯೆಗಳನ್ನು ಹತ್ತಿರಕ್ಕೆ ಕರೆಯದ ನಾಮಪದ.

ಯೋಚಿಸಿದ ಪದಗಳನ್ನು ನಿಮ್ಮ ಮುಂದಿಡುತ್ತೇನೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ "ಆಸಿಡ್ ಸುಟ್ಟಿದೆ" ಎನ್ನುತ್ತಾರೆ. ಜೀವಂತ ಪ್ರಯೋಗ, ಆದರೆ ಬಿಸಿ ಪಾತ್ರೆ ಇಟ್ಟು ಸುಟ್ಟಿತು ಎಂಬ ಅರ್ಥಕ್ಕೆ ಜಾರುತ್ತದೆ. ‘ಮಂಕು’ ಸುಲಭ, ಆದರೆ ಧೂಳು ಕುಳಿತರೂ ಮಂಕೇ. ‘ಹುಳಿ ತಿಂದದ್ದು’ ನನಗೆ ಬಹಳ ಇಷ್ಟ. ತುಕ್ಕು ತಿಂದ ಕಬ್ಬಿಣ, ಗೆದ್ದಲು ತಿಂದ ಬಾಗಿಲು ಎನ್ನುವ ನಮ್ಮ ಜಾಯಮಾನಕ್ಕೆ ಸರಿಯಾಗಿ ಕೂಡುತ್ತದೆ. ಆದರೆ ಕರಡನ್ನು ಓದಿದ ಇಬ್ಬರೂ ‘ಹುಳು ತಿಂದ ಕಲ್ಲು’ ಎಂದೇ ಓದಿದರು.

ಅಲ್ಲಿಂದ ಸಮಾಸಕ್ಕೆ ಕೈ ಹಾಕಿದೆ. ಹುಳಿ ಕಚ್ಚಿದ್ದರಿಂದ ‘ಹುಳಿಗಚ್ಚು’. ಸಂಧಿಯಾಗಿ ಗಕಾರ ಬಂದೊಡನೆ ಅದು ಗಾರೆಯ ಗಚ್ಚಾಯಿತು! ನೆಲದ ವಿಷಯದಲ್ಲಿ ಗಚ್ಚು ಎಂದರೆ ಬೇರೆಯೇ ಅರ್ಥ, ಹಳೆಯ ಮನೆಗಳಲ್ಲಿ ಗಚ್ಚಿನ ನೆಲಗಳು ಇನ್ನೂ ಇವೆ. ಬಿಟ್ಟೆ. ‘ಹುಳಿಸವೆತ’ ಅರ್ಥದಲ್ಲಿ ನಿಖರ, ಆದರೆ ಸವೆತ ವರ್ಷಗಟ್ಟಲೆ ತುಳಿದು ಆಗುವಂಥದ್ದು. ಲಿಂಬೆಯ ಕೆಲಸ ಕೆಲವೇ ನಿಮಿಷದ್ದು. ಉಳಿದದ್ದು ‘ಹುಳಿಕೊರೆತ’. ಪ್ರತಿ ಮಳೆಗಾಲ ಉಳ್ಳಾಲದ ಕಡೆಯಿಂದ ಕಡಲ್ಕೊರೆತದ ಸುದ್ದಿ ಓದುವ ನಮಗೆ, ಕೊರೆತ ಎಂದರೆ ಇದ್ದದ್ದು ಹೋಗುವುದು ಎಂದು ವಿವರಿಸಬೇಕಾಗಿಲ್ಲ. ಹೋದ ದಂಡೆಯನ್ನು ಉಜ್ಜಿ ತರಲಾಗದು ಎಂಬುದೂ ಆ ಪದದೊಳಗೇ ಇದೆ. ಸದ್ಯಕ್ಕೆ ನನ್ನ ಒಲವು ಇದರ ಕಡೆಗೆ. ಆದರೆ ಘಟ್ಟದ ಮೇಲಿನವರಿಗೆ ಕೊರೆತ ಎಂದರೆ ಉಳಿಯಿಂದ ಕೊರೆದ ಹಾಗೆ ಆಳವಾಗಿ ಕೇಳಿಸಬಹುದು. ಸಂಧಿಯ ಪ್ರಕಾರ ‘ಹುಳಿಗೊರೆತ’ ಆಗಬೇಕು ಎನ್ನುವವರಿದ್ದರೆ ಅದಕ್ಕೂ ನಾನು ಸಿದ್ಧ.

ಹಿಂದಿನವರಿಗೆ ಪದ ಬೇಕಾಗಲಿಲ್ಲ ಏಕೆ ಎಂದೂ ಯೋಚಿಸಿದೆ. ಇಲ್ಲಿನ ಹಳೆಯ ಮನೆಗಳಲ್ಲಿ ಒಳಗಿನ ನೆಲ ಸಗಣಿ ಸಾರಿಸಿದ್ದು, ಆಮೇಲೆ ಕಾವಿಯದು. ಮೆಟ್ಟಿಲಿಗೆ ಪಾದೆಕಲ್ಲು, ಗೋಡೆಗೆ ಮುರಕಲ್ಲು. ಯಾವುದೂ ಸುಣ್ಣದ ಕುಲದ ಕಲ್ಲಲ್ಲ. ಹುಳಿ ಅಡುಗೆಗೆ ಇಟ್ಟುಕೊಂಡದ್ದು ಬಳಪದ ಕಲ್ಲಿನ ಮರಿಗೆ ಎಂಬ ಪಾತ್ರೆ. ಅದಕ್ಕೆ ಹುಣಸೆ ಏನೂ ಮಾಡುವುದಿಲ್ಲ. ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಸಾರು ಕಿಲುಬುತ್ತದೆ ಎಂದು ತಿಳಿದವರಿಗೆ ಕಿಲುಬು ಎಂಬ ಪದ ಬೇಕಾಯಿತು, ಹುಟ್ಟಿತು. ಸುಣ್ಣದ ಕುಲದ ಕಲ್ಲು ಹೊರಗಿನಿಂದ ಅಡುಗೆಕಟ್ಟೆಗೂ ಚಾವಡಿಗೂ ಬಂದಿತು, ಪದ ಅದರ ಜೊತೆಗೆ ಬರಲಿಲ್ಲ. (ಮುರಕಲ್ಲಿಗೆ ಕನ್ನಡ ಪಠ್ಯಗಳಲ್ಲಿರುವ ‘ಜಂಬಿಟ್ಟಿಗೆ’ ನನಗೆ ಬಹು ಪ್ರಿಯವಾದ ಪದ. ಪ್ರವಾಸಿ ಬುಕಾನನ್ 1807ರಲ್ಲಿ ಈ ಕಲ್ಲಿಗೆ ಇಂಗ್ಲಿಷಿನಲ್ಲಿ ‘ಲ್ಯಾಟರೈಟ್’ ಎಂದು ಹೆಸರಿಟ್ಟಾಗ ಲ್ಯಾಟಿನ್ನಿನ ಇಟ್ಟಿಗೆ ಪದವನ್ನೇ ಹಿಡಿದ. ನಮ್ಮ ಪದದಲ್ಲಿಯೂ ಇಟ್ಟಿಗೆ ಇದೆ.)

ಎರಡನೆಯ ಪ್ರಶ್ನೆ ಕೆಲಸದ ಕ್ರಿಯಾಪದಗಳದ್ದು. ಹಾಳಾದ ಮೈಯನ್ನು ಸರಿಪಡಿಸುವುದೆಂದರೆ ಕುಳಿಯ ತಳದವರೆಗೂ ಸುತ್ತಲಿನ ಕಲ್ಲನ್ನು ಇಳಿಸಿ ಸಮ ಮಾಡುವುದು. ವಜ್ರದ ಪುಡಿ ಕೂಡಿಸಿದ ಬಿಲ್ಲೆಗಳನ್ನು ಯಂತ್ರಕ್ಕೆ ಸಿಕ್ಕಿಸಿ, ನೀರು ಬಿಡುತ್ತಾ, ಒರಟಿನಿಂದ ನಯಕ್ಕೆ ಹೋಗುತ್ತಾರೆ: 50, 100, 200, 400, 800, 1500, 3000. ಸಂಖ್ಯೆ ಹೆಚ್ಚಿದಷ್ಟೂ ನಯ. ಬರಿಯ ಲಿಂಬೆಯ ಗುರುತಾದರೆ 400ರಿಂದ ತೊಡಗಿದರೂ ಸಾಕಾಗಬಹುದು. ನಮ್ಮ ಚಾವಡಿಗೆ 100ರಿಂದ ತೊಡಗಬೇಕಾಯಿತು. ಪ್ರತಿ ಹಂತದ ರಾಡಿಯನ್ನು ಪೂರ್ತಿ ಬಳಿದು ತೆಗೆಯದಿದ್ದರೆ ಹಿಂದಿನ ಒರಟು ಕಣ ಮುಂದಿನ ಹಂತದಲ್ಲಿ ಗೀರು ಹಾಕುತ್ತದೆ. ರಾಜಸ್ಥಾನದಿಂದ ಬಂದ ಕೆಲಸಗಾರರು ಇದಕ್ಕೆ ‘ಘಿಸಾಯಿ’ ಎನ್ನುತ್ತಾರೆ. ಕನ್ನಡದಲ್ಲಿ ನಾವು ಎಲ್ಲವನ್ನೂ ‘ಪಾಲಿಷ್’ ಎಂದು ಬಿಡುತ್ತೇವೆ, ಅದರಲ್ಲಿಯೂ ‘ಪಾಲಿಷ್ ಹಾಕಿ’ ಎನ್ನುತ್ತೇವೆ. ಬೂಟಿಗೆ ಹಾಕಿದ ಹಾಗೆ ಮೇಲೊಂದು ಪದರ ಹಚ್ಚುತ್ತಾರೆ ಎಂದು ತಿಳಿದ ಮನೆಯವರು, ಯಂತ್ರ ಕಲ್ಲನ್ನು ಕೆರೆಯುವುದನ್ನು ಕಂಡು ಗಾಬರಿಯಾಗುತ್ತಾರೆ.

ನಮ್ಮಲ್ಲಿ ‘ತೇಯು’ ಇದೆಯಲ್ಲ! ಗಂಧ ತೇಯ್ದರೆ ಕೊರಡು ಸವೆಯುತ್ತದೆ ಎಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಉಜ್ಜುವುದು, ತಿಕ್ಕುವುದು ಕೊಳೆಗೆ, ತೇಯುವುದು ಕಲ್ಲಿಗೆ. ಅದಾದ ಮೇಲೆ ‘ಮಸೆ’. ಹೊಳಪು ಬರಿಸದೆ ನಯಕ್ಕೆ ನಿಲ್ಲಿಸಿದ ನೆಲಕ್ಕೆ ‘ಮಸೆದ ನೆಲ’ ಎನ್ನಬಹುದೇ? ಕತ್ತಿ ಮಸೆ, ಹಲ್ಲು ಮಸೆ ಎಂದು ಹಗೆಯ ಅರ್ಥ ಅಂಟಿಕೊಂಡಿರುವುದರಿಂದ ಸ್ವಲ್ಪ ಹಿಂಜರಿಕೆಯಿದೆ. ಕೊನೆಯ ಹಂತಕ್ಕೆ ಹಳೆಗನ್ನಡದ ‘ಒಪ್ಪ’, ಅಂದರೆ ಹೊಳಪು. ಒಪ್ಪವಿಟ್ಟ ಮಣಿ ಎಂಬಲ್ಲಿರುವ ಒಪ್ಪವನ್ನು ಇಂದು ‘ಒಪ್ಪ ಓರಣ’ದಲ್ಲಿ ಮಾತ್ರ ಉಳಿಸಿಕೊಂಡಿದ್ದೇವೆ. ‘ಇಡು’ ಎಂಬುದೂ ‘ಹಾಕು’ವಿನ ಹಾಗೆ ಅಲ್ಲವೇ ಎಂದು ಅಕ್ಕನ ಮಗ ಕೇಳಿದ. ಮಣಿಗೆ ಒಪ್ಪವಿಡುವುದೂ ತೇಯ್ದೇ ಎಂದೆ. ‘ಮೆರುಗು’ ಮಾತ್ರ ಇಲ್ಲಿ ಬೇಡ. ಮೆರುಗೆಣ್ಣೆಯ ನೆನಪು ತಂದು, ಹಚ್ಚಿದ ಹೊಳಪು ಎಂಬ ಭಾವ ಹುಟ್ಟಿಸುತ್ತದೆ. ಒಂದು ತೊಡಕು ಉಳಿದಿದೆ. ಕೊನೆಯ ಒಪ್ಪಕ್ಕೆ ಅಮೃತಶಿಲೆಯವರು ಬಳಸುವ ಆಕ್ಸಾಲಿಕ್ ಪುಡಿಯೂ ಹುಳಿಯೇ, ನಮ್ಮ ಬಿಂಬುಳಿಯಲ್ಲಿರುವಂಥದ್ದೇ. ಅಳತೆ ತಿಳಿದ ಕೈಯಲ್ಲಿ ಅದು ಕೆಲಸಕ್ಕೆ ಬರುತ್ತದೆ. ಮನೆಯವರ ಹಾಳೆಯಲ್ಲಿ ಅದರ ಸುದ್ದಿ ಎತ್ತಿಲ್ಲ.

ಒಂದು ಪದ ಮಾತ್ರ ಹುಡುಕದೆ ಸಿಕ್ಕಿತು. ಕಲ್ಲಿನೊಳಗೆ ಇಳಿದ ಎಣ್ಣೆಯನ್ನು ಹೊರಗೆಳೆಯಲು ಅಡುಗೆ ಸೋಡಾವನ್ನೋ ಜೇಡಿಮಣ್ಣನ್ನೋ ದಪ್ಪಗೆ ಕಲಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡುತ್ತಾರೆ. ಆಮೇಲೆ ಮುಚ್ಚಳ ತೆಗೆದು ಒಣಗಿಸಿದಾಗ ಮಣ್ಣು ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಓದಿದೊಡನೆ ಅತ್ತೆಯವರು "ಬಾವಿಗೆ ಪಟ್ಟು ಹಾಕಿದ ಹಾಗೆ" ಎಂದರು. ಬಾವು ಇಳಿಸಲು ಹಾಕುವ ಪಟ್ಟು! ಇದಕ್ಕಿಂತ ಒಳ್ಳೆಯ ಪದ ಯಾರೂ ಕಟ್ಟಲಾರರು. ಹಾಳೆಯಲ್ಲಿ "ಎಣ್ಣೆ ಕಲೆಗೆ ಪಟ್ಟು ಹಾಕಿ" ಎಂದು ಬರೆದಾಗಿದೆ. ಇಲ್ಲಿ ‘ಕಲೆ’ ಸರಿಯಾದ ಪದವೇ.

ಕಲ್ಲಿನ ರಂಧ್ರ ಮುಚ್ಚುವ ಸೀಲರಿಗೆ ಅಕ್ಕನ ಮಗ ‘ರಕ್ಷಾಲೇಪ’ ಎಂದು ಬರೆದಿದ್ದ. ನಾನು ತೆಗೆದೆ. ಅದು ಎಣ್ಣೆ, ಕಾಫಿ ಒಳಗಿಳಿಯುವುದನ್ನು ತಡಮಾಡುತ್ತದೆ, ಹುಳಿಯನ್ನು ತಡೆಯುವುದಿಲ್ಲ. ರಕ್ಷೆ ಎಂದರೆ ಜನ ಪೂರ್ತಿ ನಂಬುತ್ತಾರೆ. ‘ಹೀರುತಡೆ’ ಎಂದು ಬದಲಿಸಿದ್ದೇನೆ. ನೆಲವನ್ನು ಒರಸುವ ಮೊದಲು ಗುಡಿಸಿ ಎಂಬ ಸಾಲಿಗೆ ಪದದ ತೊಂದರೆ ಬರಲಿಲ್ಲ. ಮಲ್ಪೆಯಿಂದ ಚಪ್ಪಲಿಗೆ ಅಂಟಿ ಬರುವ ಮರಳು ಗಡಸುತನದ ಅಳತೆಯಲ್ಲಿ 7, ಅಮೃತಶಿಲೆ 3, ಗುಡಿಸದೆ ಒರಸಿದರೆ ಗೀರು ಬೀಳುತ್ತದೆ ಎಂದು ಬರೆದಿದ್ದೇನೆ.

ಬಳಗದವರಲ್ಲಿ ಕೇಳಿಕೊಳ್ಳುವುದು ಇಷ್ಟು. ಕಲಬುರಗಿ, ಯಾದಗಿರಿ ಕಡೆಯವರು ಹುಟ್ಟಿದಾಗಿನಿಂದ ಸುಣ್ಣದ ಕುಲದ ಕಲ್ಲಿನ ಮೇಲೆಯೇ ನಡೆದವರು. ಹುಣಸೆರಸ ಬಿದ್ದು ಬಿಳುಪೇರಿದ ಹಾಸುಗಲ್ಲಿಗೆ ನಿಮ್ಮ ಮನೆಗಳಲ್ಲಿ ಅಜ್ಜಿಯರು ಏನೆನ್ನುತ್ತಿದ್ದರು? ಕಾರ್ಕಳದ ಶಿಲ್ಪಿಗಳ ಒಡನಾಟವಿರುವವರು, ತೇಯುವುದಕ್ಕೂ ಮಸೆಯುವುದಕ್ಕೂ ಅವರು ಬಳಸುವ ಮಾತುಗಳನ್ನು ತಿಳಿಸಬಹುದೇ? ಹಾಳೆ ಚೌತಿಗೆ ಮೊದಲು ಅಚ್ಚಿಗೆ ಹೋಗಬೇಕು. ಬರಿಯ ಪದ ಕಳುಹಿಸದೆ ಅದು ಬರುವ ಒಂದು ವಾಕ್ಯವನ್ನೂ ಜೊತೆಗೆ ಬರೆಯಿರಿ. ಯಾವ ಕ್ರಿಯಾಪದ ಅದರ ಬೆನ್ನಿಗೆ ಬರುತ್ತದೆ ಎಂದು ನನಗೆ ಗೊತ್ತಾಗಬೇಕು.