‘ಬ್ಯಾಟರಿ ಡಬಲ್’ ಫಾರ್ವರ್ಡ್ ಮತ್ತು ಶೆಟ್ಟಿಯ ಪ್ರೊಜೆಕ್ಟರ್

ಗುಂಪು: ಇ ಅಂಡ್ ಸಿ ಹಿಂದಿನ ಬೆಂಚು

ರಘು: (ಫಾರ್ವರ್ಡ್ ಮಾಡಿದ ಸಂದೇಶ) ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್, ಎನ್ವಿಡಿಯಾ ಅಂತ ಎರಡು ಗ್ರಾಫಿಕ್ಸ್ ಇದೆಯಾ? ಬ್ಯಾಟರಿ ಡಬಲ್ ಆಗಬೇಕಾ? ಎನ್ವಿಡಿಯಾನ ಬೇಕಾದಾಗ ಮಾತ್ರ ಆನ್ ಮಾಡೋ ಬಂಬಲ್‌ಬೀ ಸಾಫ್ಟ್‌ವೇರ್ ಹಾಕಿ. ಇಲ್ಲಾಂದ್ರೆ ಟರ್ಮಿನಲ್‌ನಲ್ಲಿ ‘ಸುಡೊ ಪ್ರೈಮ್-ಸೆಲೆಕ್ಟ್ ಇಂಟೆಲ್’ ಕೊಟ್ಟು ರೀಸ್ಟಾರ್ಟ್ ಮಾಡಿ. ಎನ್ವಿಡಿಯಾ ಪೂರ್ತಿ ಬಂದ್! ಎಲ್ಲ ಲ್ಯಾಪ್‌ಟಾಪ್‌ಗೂ ಗ್ಯಾರಂಟಿ 👍👍 ಎಲ್ಲರಿಗೂ ಕಳಿಸಿ.

ರಘು: ನಾನೇ ಮಾಡಿ ನೋಡಿದೀನಿ. ಫ್ಯಾನ್ ಸದ್ದೇ ಇಲ್ಲ ಈಗ.

ಗೌಡ: 🙏

(ಮರುದಿನ)

ಶೆಟ್ಟಿ: ರಘು, ಎಂತ ಮಾರಾಯ ನಿನ್ನ ಫಾರ್ವರ್ಡ್? ಕ್ಲಾಸಲ್ಲಿ ಪ್ರೊಜೆಕ್ಟರಿಗೆ ಎಚ್‌ಡಿಎಂಐ ಸಿಕ್ಕಿಸಿದರೆ ‘ನೋ ಸಿಗ್ನಲ್’. ಮಕ್ಕಳಿಗೆ ನಗುವುದಕ್ಕೆ ಒಂದು ಕಾರಣ ಸಿಕ್ಕಿತು. ಕೊನೆಗೆ ಬೋರ್ಡಿನಲ್ಲೇ ಬರೆದೆ.

ರಘು: ಕೇಬಲ್ ನೋಡು.

ಶೆಟ್ಟಿ: ಕೇಬಲ್ ಸರಿ ಉಂಟು. ಬೇರೆಯವರ ಲ್ಯಾಪ್‌ಟಾಪಿಗೆ ಹಾಕಿದರೆ ಬರ್ತದೆ.

ಸುಮಾ: ಕಾರ್ಡ್ ಯಾವುದು ಶೆಟ್ಟಿ?

ಶೆಟ್ಟಿ: ಎನ್ವಿಡಿಯಾ ಜಿಟಿಎಕ್ಸ್ 1650. ಉಬುಂಟು ಲಿನಕ್ಸ್.

ಸುಮಾ: ಹಾಗಾದ್ರೆ ಕೇಬಲ್‌ನ ಬೈಬೇಡ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಪರದೆ ಇಂಟೆಲ್‌ಗೆ ಸೇರಿರುತ್ತೆ, ಎಚ್‌ಡಿಎಂಐ ಮಾತ್ರ ನೇರ ಎನ್ವಿಡಿಯಾಗೆ. ‘ಪ್ರೈಮ್-ಸೆಲೆಕ್ಟ್ ಇಂಟೆಲ್’ ಅಂದ್ರೆ ಎನ್ವಿಡಿಯಾ ಇಲ್ಲವೇ ಇಲ್ಲ ಅಂತ. ಪ್ರೊಜೆಕ್ಟರ್‌ಗೆ ಚಿತ್ರ ಕೊಡೋರು ಯಾರು? ‘ಪ್ರೈಮ್-ಸೆಲೆಕ್ಟ್ ಆನ್-ಡಿಮಾಂಡ್’, ಅಂದ್ರೆ ಬೇಕಾದಾಗ ಮಾತ್ರ ಎನ್ವಿಡಿಯಾ, ಅಂತ ಕೊಟ್ಟು ರೀಸ್ಟಾರ್ಟ್ ಮಾಡು. ರಘು, ಆ ಫಾರ್ವರ್ಡ್ ಡಿಲೀಟ್ ಮಾಡಪ್ಪ.

ರಘು: ಯಾಕೆ ಮಾಡ್ಲಿ? ನಂಗೆ ಕೆಲಸ ಮಾಡಿದೆ.

ಪಾಟೀಲ: ಬಂಬಲ್‌ಬೀ ಹೆಸರು ಕೇಳಿ ಎಷ್ಟು ವರ್ಷ ಆತಲೇ! 2011ರಾಗ ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನಾಗ ಒಂದು ಸ್ಪೇಸ್ ಜಾಸ್ತಿ ಬಿದ್ದಿತ್ತು. ಒಂದು ಸಣ್ಣ ಫೋಲ್ಡರ್ ಅಳಸೂ ಕಮಾಂಡ್ ಹೋಗಿ ಇಡೀ ‘ಯುಎಸ್‌ಆರ್’ ಫೋಲ್ಡರ್ ಅಳಿಸಿಬಿಡ್ತಿತ್ತು. ಮಂದಿ ಸಿಸ್ಟಮ್ಮೇ ಹೋಗಿತ್ತು.

ಗೌಡ: 😂 ನಿಜವಾಗ್ಲೂ?

ಪಾಟೀಲ: ಖರೇನ. ಮುಂದ 2012ರಾಗ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಾಗ ಲಿನಕ್ಸ್ ಹುಟ್ಟಿಸಿದ ಲಿನಸ್ ಟೊರ್ವಾಲ್ಡ್ಸ್ ಒಂದು ಪ್ರಶ್ನೆಗೆ ಉತ್ತರ ಕೊಡುವಾಗ ಎನ್ವಿಡಿಯಾಗ ನಡುಬೆರಳು ತೋರಿಸಿದ್ನಲ್ಲ, ಆ ಪ್ರಶ್ನೆ ಬಂದಿದ್ದೂ ಈ ಆಪ್ಟಿಮಸ್, ಅಂದ್ರ ಎರಡು ಗ್ರಾಫಿಕ್ಸ್ ಇರೂ, ಲ್ಯಾಪ್‌ಟಾಪ್ ಸಲುವಾಗಿನ. ಆದ್ರೂ ನನ್ನ ಹಳೇ ಡಬ್ಬಿಯೊಳಗ ಬಂಬಲ್‌ಬೀ ಛಲೋ ನಡೀತಿತ್ತು. ಅದನ್ನ ಬೈಬ್ಯಾಡ್ರಿ.

ಸುಮಾ: ಆಗ ಬೇರೆ ದಾರಿ ಇರಲಿಲ್ಲ ಪಾಟೀಲ. 2019ರಲ್ಲಿ 435ನೇ ಸರಣಿಯ ಡ್ರೈವರ್ ಬಂದಾಗ ಎನ್ವಿಡಿಯಾನೇ ರೆಂಡರ್ ಆಫ್‌ಲೋಡ್ ಕೊಡ್ತು. ಡೆಸ್ಕ್‌ಟಾಪ್ ಇಂಟೆಲ್ ಮೇಲೆ, ಬೇಕಾದ ಒಂದು ಗೇಮ್ ಮಾತ್ರ ಎನ್ವಿಡಿಯಾ ಮೇಲೆ. ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿದ್ರೂ ಸಾಕು. ಇವತ್ತು ಹೊಸಬರಿಗೆ ಬಂಬಲ್‌ಬೀ ಹಾಕಿ ಅನ್ನೋದು ಅನ್ಯಾಯ.

ಗೌಡ: ಈ ಆನ್-ಡಿಮಾಂಡ್ ಎಲ್ಲ ಬರೀ ಮಾತು ಸುಮಾ. ನನ್ನದು 3050. ಸುಮ್ನೆ ಕೂತಿದ್ದಾಗ ಕಾರ್ಡಿನ ಸ್ಥಿತಿ ತೋರಿಸೋ ‘ಎನ್ವಿಡಿಯಾ-ಎಸ್‌ಎಂಐ’ ಕಮಾಂಡ್ ಕೊಟ್ಟೆ. ಕಾರ್ಡ್ ಎದ್ದೇ ಇತ್ತು. ಯಾವಾಗ ನೋಡಿದ್ರೂ ಎದ್ದೇ ಇರುತ್ತೆ.

ರಘು: ಹೇಳಿದ್ನಲ್ಲ!

ಸುಮಾ: ನೀನು ನೋಡಿದ್ದಕ್ಕೇ ಎದ್ದಿದೆ ಗೌಡ. ಆ ಕಮಾಂಡೇ ಕಾರ್ಡನ್ನ ಎಬ್ಬಿಸುತ್ತೆ. ಮಲಗಿರೋರನ್ನ ಅಲುಗಾಡಿಸಿ ‘ನಿದ್ದೆ ಬಂತಾ’ ಅಂತ ಕೇಳಿದ ಹಾಗೆ. ‘ಸಿಸ್’ ಫೋಲ್ಡರ್ ಒಳಗೆ ಆ ಕಾರ್ಡಿನ ‘ಪವರ್’ ಫೋಲ್ಡರ್‌ಗೆ ಹೋಗಿ ‘ರನ್‌ಟೈಮ್ ಸ್ಟೇಟಸ್’ ಫೈಲ್ ಓದು. ಅದು ಯಾರನ್ನೂ ಎಬ್ಬಿಸಲ್ಲ.

ಗೌಡ: ತಡಿ.

ಗೌಡ: ‘ಸಸ್ಪೆಂಡೆಡ್’ ಅಂತಿದೆ.

ಸುಮಾ: 😌

ರಘು: ಸರಿ, ಆದ್ರೆ ನಂದ್ರಲ್ಲಿ ಆನ್-ಡಿಮಾಂಡ್ ಇಟ್ಟಾಗ ಬ್ಯಾಟರಿ ಸರ್ರಂತ ಇಳಿತಿತ್ತು. ಇಂಟೆಲ್‌ಗೆ ಹಾಕಿದ ಮೇಲೆ ನಿಂತಿದೆ. ಅದು ನನ್ನ ಭ್ರಮೆನಾ?

ಸುಮಾ: ಯಾವ ಕಾರ್ಡ್?

ರಘು: 1050 ಟಿಐ.

ಸುಮಾ: ಭ್ರಮೆ ಅಲ್ಲ, ಅದು ಪ್ಯಾಸ್ಕಲ್ ಪೀಳಿಗೆ, 10ರ ಸರಣಿ. ಕೆಲಸ ಇಲ್ಲದಾಗ ಕಾರ್ಡನ್ನ ಪೂರ್ತಿ ಮಲಗಿಸೋ ಸೌಲಭ್ಯ ಎನ್ವಿಡಿಯಾ ಡ್ರೈವರ್‌ನಲ್ಲಿ ಶುರುವಾಗೋದೇ ಅದರ ನಂತರದ ಟ್ಯೂರಿಂಗ್ ಪೀಳಿಗೆಯಿಂದ, ಅಂದ್ರೆ 16 ಮತ್ತು 20ರ ಸರಣಿಯಿಂದ. ಜೊತೆಗಿರೋ ಪ್ರೊಸೆಸರ್ ಕೂಡ ಹೊಸದಿರಬೇಕು. ನಿನಗೆ ಇಂಟೆಲ್ ಮೋಡೇ ಸರಿ. ಶೆಟ್ಟಿಗೆ ಅಲ್ಲ. ನಿನ್ನ ಫಾರ್ವರ್ಡ್‌ನಲ್ಲಿ ನನಗೆ ಆಗದಿರೋದು ‘ಎಲ್ಲ ಲ್ಯಾಪ್‌ಟಾಪ್‌ಗೂ ಗ್ಯಾರಂಟಿ’ ಅನ್ನೋ ಸಾಲು ಒಂದೇ. ಬಂಬಲ್‌ಬೀನೂ ಸೇರಿಸು, ಎರಡು.

ಪಾಟೀಲ: ಮತ್ತ ನಂದು? ಜಿಟಿ 540ಎಂ.

ಸುಮಾ: ಅದು ಫರ್ಮಿ, ಇನ್ನೂ ಹಳೇ ಪೀಳಿಗೆ. ಅದರ 390ರ ಡ್ರೈವರ್‌ಗೆ 2022ರ ಕೊನೆಗೇ ಎನ್ವಿಡಿಯಾ ಕೈ ಬಿಟ್ಟಿದೆ. ಓಪನ್ ಸೋರ್ಸ್ ನುವೋ ಡ್ರೈವರ್ ಇಟ್ಕೊಂಡು, ಎನ್ವಿಡಿಯಾ ಬೇಕಾದ ಪ್ರೋಗ್ರಾಮ್‌ನ ‘ಡಿಆರ್‌ಐ_ಪ್ರೈಮ್=1’ ಅಂತ ಕೊಟ್ಟು ಓಡಿಸು. ವೇಗ ಕೇಳಬೇಡ.

ಪಾಟೀಲ: ವೇಗ ಯಾರಿಗೆ ಬೇಕಾಗೇತಿ. ಅದರಾಗ ನಮ್ಮವ್ವ ಧಾರಾವಾಹಿ ನೋಡ್ತಾಳ.

(ಮಧ್ಯಾಹ್ನ)

ಶೆಟ್ಟಿ: ಪ್ರೊಜೆಕ್ಟರ್ ಬಂತು! ಆದರೆ ಕೇಬಲ್ ಹಾಕಿದ ಕೂಡಲೇ ಫ್ಯಾನ್ ಜೋರು ತಿರುಗ್ತದೆ. ಇದೆಂತ?

ಸುಮಾ: ಕೇಬಲ್ ಇರೋವರೆಗೂ ಎನ್ವಿಡಿಯಾ ಎದ್ದಿರಲೇಬೇಕು. ಕ್ಲಾಸಲ್ಲಿ ಚಾರ್ಜರ್ ಹಾಕ್ಕೋ. ಕಿತ್ತ ಮೇಲೆ ತಾನೇ ಮಲಗುತ್ತೆ.

ಶೆಟ್ಟಿ: ಅಷ್ಟೇನಾ. ನಾನು ಇನ್ನು ಸರ್ವಿಸ್‌ಗೆ ಕೊಡುವುದು ಅಂತ ಮಾಡಿದ್ದೆ.

ರಘು: ಆಯ್ತು, ತಿದ್ದಿದೀನಿ. ನೋಡಿ: ‘10ರ ಸರಣಿಯ ಎನ್ವಿಡಿಯಾ ಇದ್ದು, ಹೊರಗಿನ ಮಾನಿಟರ್ ಬೇಡದಿದ್ದರೆ ಪ್ರೈಮ್-ಸೆಲೆಕ್ಟ್ ಇಂಟೆಲ್. 16ರ ಸರಣಿ ಮತ್ತು ಅದರ ಮುಂದಿನವಕ್ಕೆ ಆನ್-ಡಿಮಾಂಡ್.’ ಸರಿನಾ ಮೇಡಂ?

ಸುಮಾ: ಸರಿ. ಹಳೇದನ್ನ ಡಿಲೀಟ್ ಮಾಡು.

ರಘು: ಇಲ್ಲಿ ಮಾಡಿದೆ. ಅಪಾರ್ಟ್‌ಮೆಂಟ್ ಗುಂಪಲ್ಲಿ ಟೈಮ್ ಮೀರಿದೆ, ಡಿಲೀಟ್ ಆಗ್ತಿಲ್ಲ. ಅಲ್ಲಿ ಮೂರನೇ ಮಹಡಿ ಅಂಕಲ್ ಅದನ್ನ ವಿಂಡೋಸ್‌ನಲ್ಲಿ ಟೈಪ್ ಮಾಡಿ ‘ವರ್ಕ್ ಆಗ್ತಿಲ್ಲ’ ಅಂತ ನಂಗೇ ಫೋನ್ ಮಾಡ್ತಿದಾರೆ.