‘ಇಂಟರ್‌ಫಿಯರೆನ್ಸ್‌’ಗೆ ಬಗ್ಗದ ರಿಸೀವರ್: ಯಾವ ಪದ ಸರಿ?

ಗೆಳೆಯರೇ,

ವಿಮಾನದ ದಾರಿ ತೋರಿಸುವ ರೇಡಿಯೋ ರಿಸೀವರುಗಳ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ‘ಇಂಟರ್‌ಫಿಯರೆನ್ಸ್’ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ: ಬೇಡದ ಸಿಗ್ನಲ್ ನುಗ್ಗಿ ಬೇಕಾದ ಸಿಗ್ನಲನ್ನು ಕೆಡಿಸುವುದಕ್ಕೆ ಕನ್ನಡದಲ್ಲಿ ಏನನ್ನೋಣ? ‘ವ್ಯತಿಕರಣ’ ಅಂದರೆ ಪಿಯುಸಿ ಓದಿದವರಿಗೆ ಯಂಗ್‌ನ ಎರಡು ಸೀಳಿನ ಬೆಳಕಿನ ಪ್ರಯೋಗ, ಬೆಳಕು-ಕತ್ತಲೆಯ ಪಟ್ಟಿ ನೆನಪಾಗುತ್ತದೆ. ‘ಹಸ್ತಕ್ಷೇಪ’ದಲ್ಲಿ ಯಾರೋ ಬೇಕಂತಲೇ ಕೈಹಾಕಿದ ಅರ್ಥವಿದೆ. ರಾಜಕೀಯ ಸುದ್ದಿಗೆ ಸರಿ, ಇಲ್ಲಿಗೆ ಒಗ್ಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಇಳಿಯುವ ವಿಮಾನಕ್ಕೆ ರನ್‌ವೇಯ ನಡುಗೆರೆ ತೋರಿಸುವ ಐಎಲ್‌ಎಸ್ ಲೋಕಲೈಜರ್ ಇರುವುದು 108ರಿಂದ 112 ಮೆಗಾಹರ್ಟ್ಸ್ ನಡುವೆ. ಅದಕ್ಕೆ ಅಂಟಿಕೊಂಡೇ ಕೆಳಗೆ ಎಫ್‌ಎಂ. 98.3 ಮತ್ತು 104ರಲ್ಲಿ ಎರಡು ಜೋರಾದ ಸ್ಟೇಷನ್‌ಗಳಿವೆ ಅಂದುಕೊಳ್ಳಿ. ಎರಡೂ ಒಟ್ಟಿಗೆ ರಿಸೀವರಿನ ಮೊದಲ ಆಂಪ್ಲಿಫೈಯರಿಗೆ ನುಗ್ಗಿದರೆ ಅದು ತಡೆಯಲಾರದೆ ಎರಡನ್ನೂ ಬೆರೆಸಿಬಿಡುತ್ತದೆ. 104ರ ಎರಡರಷ್ಟರಲ್ಲಿ 98.3 ಕಳೆಯಿರಿ: 109.7. ಅದು ಲೋಕಲೈಜರಿನದೇ ಒಂದು ಚಾನೆಲ್! ಅಲ್ಲಿ ಆ ಸಿಗ್ನಲನ್ನು ಯಾರೂ ಕಳಿಸಿಲ್ಲ, ರಿಸೀವರಿನ ಹೊಟ್ಟೆಯಲ್ಲೇ ಹುಟ್ಟಿದ್ದು. ಆದ್ದರಿಂದ ಆಂಟೆನಾ ಆದ ಮೇಲೆ ಎಫ್‌ಎಂ ಸೋಸುವ ಫಿಲ್ಟರ್ ಕೂರಿಸುತ್ತಾರೆ, ಜಾಸ್ತಿ ಸಿಗ್ನಲ್ ಬಂದರೂ ಕಲಸಿಹೋಗದ ಆಂಪ್ಲಿಫೈಯರ್ ಹಾಕುತ್ತಾರೆ. ಎಫ್‌ಎಂನ ಬಲ ಇಷ್ಟರವರೆಗೆ ಇದ್ದರೂ ರಿಸೀವರ್ ಸರಿಯಾಗಿ ಕೆಲಸ ಮಾಡಲೇಬೇಕು ಎಂಬುದು 1998ರಿಂದ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮ.

‘ಇಷ್ಟರವರೆಗೆ’ ಅನ್ನುವುದೇ ಇಲ್ಲಿ ಮುಖ್ಯ. ಹಾಗಾಗಿ ‘ಬಗ್ಗದ’ ಅನ್ನುವುದಕ್ಕೆ ‘ನಿರೋಧಕ’ವೂ ನನಗೆ ರುಚಿಸಲಿಲ್ಲ. ರೈತರು ರೋಗ ನಿರೋಧಕ ತಳಿ ಬೇರೆ, ಬರ ತಾಳುವ ತಳಿ ಬೇರೆ ಅನ್ನುತ್ತಾರೆ, ಅಲ್ವಾ? ಈ ರಿಸೀವರ್ ಎರಡನೆಯ ಜಾತಿ. ಸದ್ಯಕ್ಕೆ ‘ಅಡ್ಡಿ ತಾಳುವ ರಿಸೀವರ್’ ಅಂತ ಬರೆದುಕೊಂಡಿದ್ದೇನೆ.

ಜಿಪಿಎಸ್ ಜ್ಯಾಮಿಂಗಿಗೂ, ಅಂದರೆ ಬೇಕಂತಲೇ ಜೋರು ಸಿಗ್ನಲ್ ಬಿಟ್ಟು ಮುಳುಗಿಸುವುದಕ್ಕೂ, ಈ ಪದ ನಡೆಯುತ್ತದೆ. ಉಪಗ್ರಹದ ಸಿಗ್ನಲ್ ನೆಲ ಮುಟ್ಟುವಾಗ ರಿಸೀವರಿನ ಸ್ವಂತ ಗದ್ದಲಕ್ಕಿಂತಲೂ ಕ್ಷೀಣ. ಹತ್ತಿರದ ಸಣ್ಣ ಜ್ಯಾಮರ್ ಸಾಕು, ಮುಳುಗಿಹೋಗುತ್ತದೆ. ಆದರೆ ಸ್ಪೂಫಿಂಗ್? ಅಲ್ಲಿ ಅಡ್ಡಿಯೇ ಕಾಣುವುದಿಲ್ಲ. ನಕಲಿ ಸಿಗ್ನಲ್ ನಂಬಿ ರಿಸೀವರ್ ಆರಾಮಾಗಿ ತಪ್ಪು ಜಾಗ ತೋರಿಸುತ್ತದೆ. ಅದನ್ನು ತಾಳುವುದಲ್ಲ, ಜೈರೋ (ವಿಮಾನ ತಿರುಗುವುದನ್ನು ಅಳೆಯುವ ಸಾಧನ) ಆಧರಿಸಿದ ಬೇರೆ ಉಪಕರಣದ ಲೆಕ್ಕಕ್ಕೆ ಹೋಲಿಸಿ ಹಿಡಿಯಬೇಕು. ಇದನ್ನೂ ‘ಅಡ್ಡಿ’ಯಲ್ಲೇ ಸೇರಿಸಲೋ, ‘ಸಿಗ್ನಲ್ ವಂಚನೆ’ ಅಂತ ಬೇರೆ ಇಡಲೋ?

ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ಕೆಲಸದಲ್ಲಿರುವವರು ಇಲ್ಲಿದ್ದರೆ, ನೀವು ಕನ್ನಡದಲ್ಲಿ ಮಾತಾಡುವಾಗ ಸುಮ್ನೆ ‘ಜ್ಯಾಮ್ ಆಯ್ತು’ ಅಂತೀರಾ, ಅಥವಾ ಬೇರೆ ಮಾತು ಬಳಕೆಯಲ್ಲಿದೆಯಾ? ತಿಳಿಸಿ.